ಬೆನ್ನು ತಿರುಗಿಸಿ ಕೊಟ್ಟ ಗಿಡ

ಅವಳು ಯಾರಿಗೂ ಗಿಡ ಕೊಡುತ್ತಿರಲಿಲ್ಲ. ಕದಿಯಲು ಬಿಡುತ್ತಿದ್ದಳು.

ಕೊಟ್ಟ ಗಿಡ ಹತ್ತುವುದಿಲ್ಲ, ಕದ್ದು ತಂದ ಗಿಡವೇ ಚೆನ್ನಾಗಿ ಚಿಗುರುವುದು ಎಂದು ನಮ್ಮ ಕಡೆಯ ಹೆಂಗಸರಲ್ಲಿ ಒಂದು ನಂಬಿಕೆ ಇದೆ. ನಾವೆಲ್ಲ ಅದನ್ನು ಹೇಳಿಕೊಂಡು ನಗುವವರು. ಯಾರದೋ ಕಾಂಪೌಂಡಿನಿಂದ ದಾಸವಾಳದ ಕಡ್ಡಿ ಮುರಿದುಕೊಂಡು ಬರುವಾಗ ನೆಪಕ್ಕೆ ಬಳಸಿಕೊಳ್ಳುವವರು. ಅವಳು ಮಾತ್ರ ಅದನ್ನು ಒಂದು ಶಾಸ್ತ್ರದ ಹಾಗೆ ನಡೆಸುತ್ತಿದ್ದಳು. ಗೌರಿ ಹಬ್ಬಕ್ಕೆ ಹೊಳೆನರಸೀಪುರದ ಅರ್ಧ ಹೆಂಗಸರು ಅವಳ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗುತ್ತಿದ್ದೆವು. ಜಗಲಿಯ ಮೇಲೆ ಸಣ್ಣ ಕುಂಡಗಳು ಸಾಲಾಗಿ ಕೂತಿರುತ್ತಿದ್ದವು. ತಾಂಬೂಲ ಕೈಗಿಟ್ಟ ಕೂಡಲೇ ಅವಳು, "ಈಗ ನಾನು ಆ ಕಡೆ ತಿರುಗ್ತೀನಿ, ನಂಗೇನೂ ಕಾಣಲ್ಲ" ಎಂದು ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯದೆ ಭುಜ ಕುಣಿಯುತ್ತಿತ್ತು. ಬಂದವರು ಕಿಸಿಕಿಸಿ ನಗುತ್ತ ಒಂದೊಂದು ಕುಂಡ ಎತ್ತಿಕೊಂಡು ಮೆಟ್ಟಿಲು ಇಳಿಯಬೇಕು. ಯಾರಾದರೂ ಆರಿಸುತ್ತ ನಿಂತರೆ ಗೋಡೆಯ ಕಡೆಯಿಂದಲೇ ಗದರುತ್ತಿದ್ದಳು.

"ಬೇಗ ಬೇಗ ಕಳ್ಳತನ ಮಾಡ್ರೇ, ಒಲೆ ಮೇಲೆ ಹಾಲಿಟ್ಟಿದೀನಿ!"

ಯಾರೋ ಹೊಸ ಸೊಸೆ ಒಮ್ಮೆ ಥ್ಯಾಂಕ್ಸ್ ಎಂದುಬಿಟ್ಟಳು. "ಥ್ಯಾಂಕ್ಸ್ ಹೇಳಿ ಹೋಗೋ ಕಳ್ಳೀನ ಎಲ್ಲಾದ್ರೂ ನೋಡಿದೀರೇನ್ರೇ? ಇನ್ನು ಆ ಗಿಡ ಹತ್ತಿದ ಹಾಗೇ" ಎಂದು ಅವಳ ಕೈಯಿಂದ ಆ ಕುಂಡ ಕಿತ್ತುಕೊಂಡು, ಮತ್ತೆ ಗೋಡೆಗೆ ತಿರುಗಿ, ಬೇರೆಯದನ್ನು ಕದಿಯಲು ಹೇಳಿದಳು.

ಅವಳ ಹೆಸರು ಬರೆಯುವುದಿಲ್ಲ. ಈ ಫೋನಿನಲ್ಲಿ ಟೈಪ್ ಮಾಡುವುದನ್ನು ನಾನು ಕಲಿತದ್ದು ಈಚೆಗೆ. ಯಾವುದನ್ನು ಒತ್ತಿದರೆ ಯಾರಿಗೆ ಹೋಗುತ್ತದೋ ಎಂಬ ಹೆದರಿಕೆ ಇನ್ನೂ ಬಿಟ್ಟಿಲ್ಲ. ಅವಳ ಸೊಸೆ ನಾನಿರುವ ಗ್ರೂಪುಗಳಲ್ಲೆಲ್ಲ ಇದ್ದಾಳೆ. ಹೆಸರಿಲ್ಲದಿದ್ದರೆ ಬೇರೆ ಯಾರದೋ ಅತ್ತೆ ಎಂದುಕೊಳ್ಳಲಿ.

ಹುಟ್ಟಿದ್ದು ದೊಡ್ಡಗದ್ದವಳ್ಳಿಯಲ್ಲಿ, ಮದುವೆಯಾಗಿ ನಮ್ಮೂರಿಗೆ ಬಂದವಳು. ಗಂಡ ತಾಲ್ಲೂಕು ಕಚೇರಿಯಲ್ಲಿದ್ದವರು. ಅವರು ಹೋದ ಮೇಲೆ ಮನೆಯ ಪಕ್ಕದ ಜಾಗಕ್ಕೆ ಹಸಿರು ಬಲೆ ಕಟ್ಟಿಸಿ ನರ್ಸರಿ ಶುರು ಮಾಡಿದಳು. ಬೋರ್ಡು ಇಲ್ಲ, ಹೆಸರಿಲ್ಲ. ಹೊರರಾಜ್ಯದಿಂದ ಹಾಸನಕ್ಕೆ ಗಿಡದ ಲಾರಿ ಬರುತ್ತದೆ. ಅದು ಬಂದ ದಿನ ಬೆಳಗಿನ ಬಸ್ಸಿಗೆ ಹೋಗಿ, ಚೀಲ ಚೀಲ ಗಿಡ ಹೇರಿಕೊಂಡು ಸಂಜೆಯೊಳಗೆ ವಾಪಸು. ಒಂದು ಸಲ ನಾನೂ ಜೊತೆಗಿದ್ದೆ. ಕಂಡಕ್ಟರು ಬಾಗಿಲಲ್ಲೇ ತಡೆದ.

"ಏನಮ್ಮೋ, ಇದು ಬಸ್ಸಾ, ತ್ವಾಟ್ವಾ? ಜನ ಎಲ್ ನಿಂತ್ಕಬೇಕು?"

"ಗುಲಾಬಿ ಮಡಿಲಲ್ಲಿ ಇಟ್ಕೋತೀನಿ ಕಣಪ್ಪ. ಚಿಕ್ಕ ಮಗು ಅದು, ಟಿಕೆಟ್ ಕೇಳ್ಬೇಡ" ಎಂದು ಒಳಗೆ ನುಗ್ಗಿದಳು. ಊರು ಬರುವಷ್ಟರಲ್ಲಿ ಆ ಕಂಡಕ್ಟರೇ ಒಂದು ಕನಕಾಂಬರ ಕೊಂಡಿದ್ದ.

ಹೀಗೆ ಅವಳ ಗಿಡ ಎಲ್ಲ ಕಡೆ ಹೋದವು. ಹಾಸನದ ಹೊಸ ಬಡಾವಣೆಗಳ ತಾರಸಿಗೆ, ಚನ್ನರಾಯಪಟ್ಟಣದ ಒಂದು ಶಾಲೆಯ ಅಂಗಳಕ್ಕೆ, ಅರಕಲಗೂಡಿನ ಕಲ್ಯಾಣಮಂಟಪದ ಬಾಗಿಲಿಗೆ. ನಾನು ಅವಳಿಂದ ಕದ್ದ ಕುಂಡಗಳಲ್ಲಿ ಒಂದು ಮಲ್ಲಿಪಟ್ಟಣದಲ್ಲಿರುವ ನನ್ನ ತಂಗಿಯ ಮನೆಗೂ ಹೋಯಿತು.

ನಮ್ಮ ಮನೆಗೆ ಬಂದರೆ ಅವಳು ಒಳಗೆ ಕಾಲಿಡುತ್ತಿರಲಿಲ್ಲ. ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ. ಶಾಲೆಗೆ ಹೊರಟ ಮಕ್ಕಳ ಕಿವಿ ಹಿಂದೆ ಕೊಳೆ ಇದೆಯೇ ಎಂದು ನೋಡುವ ಹಾಗೆ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುವುದು, ನನ್ನ ಕರಿಬೇವಿಗೆ ಬೈಯುವುದು, ಆಮೇಲೆ ಕಾಫಿ. ಬಾವಿಯ ಪಕ್ಕದ ನುಗ್ಗೆಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿಯೊಂದಕ್ಕೇ ಅವಳು ಬೈದದ್ದಿಲ್ಲ. ಅದು ನಮ್ಮಮ್ಮ ತನ್ನ ಕೈಯಾರೆ ನೆಟ್ಟ ಬಳ್ಳಿಯ ತುಂಡು. ನಮ್ಮ ಬೀದಿಯಲ್ಲಿ ಯಾವ ಮನೆಯ ನಾಮಕರಣಕ್ಕೂ, ಯಾವ ಮನೆಯ ವ್ರತಕ್ಕೂ ಅಂಗಡಿಯಿಂದ ಎಲೆ ತಂದದ್ದಿಲ್ಲ. ನನ್ನ ಹಿತ್ತಲಿಗೇ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅದು ಬಾಡಿ ಹೋದಾಗ ಬುಡಕ್ಕೆ ಒದ್ದೆ ಗೋಣಿ ಸುತ್ತಿ, ಕೊಟ್ಟಿಗೆ ಗೊಬ್ಬರ ಹೊತ್ತು ತಂದು ಹಾಕಿ ಉಳಿಸಿಕೊಟ್ಟವಳು ಅವಳೇ. "ಇದು ನಿಮ್ಮಮ್ಮ ಕಣೆ, ಬಳ್ಳಿ ಅಲ್ಲ" ಎನ್ನುತ್ತಿದ್ದಳು. ಹಾಗೆಂದವಳನ್ನು ನಾನು ಹೇಗೆ ಅನುಮಾನಿಸಲಿ?

ಆ ವರ್ಷದ ಗೌರಿಗೆ ನಾನು ಕದ್ದದ್ದು ಒಂದು ಕೆಂಪು ಆಂಥೂರಿಯಂ. ಮರುವರ್ಷ ಮಳೆಗಾಲ ಹಿಡಿದದ್ದೇ ತಡ, ಬಾವಿಕಟ್ಟೆಯ ಮೇಲೆ ಬೆಳ್ಳಿ ಗೆರೆಗಳು ಕಂಡವು. ಮೊದಲ ಬಸವನ ಹುಳು ಸಿಕ್ಕಾಗ ಚೆಂದ ಅನ್ನಿಸಿತು. ಇಷ್ಟು ದೊಡ್ಡದನ್ನು ನಾನು ನೋಡಿರಲಿಲ್ಲ. ಕೊಂಬು ಚಾಚಿ, ಗುಂಡನೆಯ ಮನೆ ಹೊತ್ತು, ಯಾರ ಹಂಗೂ ಇಲ್ಲದೆ ಹೋಗುತ್ತಿತ್ತು. ಒಂದು ವಾರದೊಳಗೆ ಚೆಂಡುಹೂವಿನ ಸಸಿಗಳು ಹೋದವು. ಪರಂಗಿ ಮರದ ತುದಿಯಲ್ಲಿ ಗೊಂಚಲು ಗೊಂಚಲು ಹುಳು. ಆಮೇಲೆ ಬಳ್ಳಿ. ಎಲೆಗಳೆಲ್ಲ ಜರಡಿಯಾಗಿ, ಎಳೆ ಕುಡಿಗಳು ಮಾಯವಾಗಿ, ನುಗ್ಗೆಮರಕ್ಕೆ ಸುತ್ತಿದ ಬರೀ ಕಡ್ಡಿ ಉಳಿಯಿತು. ಆ ಶ್ರಾವಣದಲ್ಲಿ ವೀಳ್ಯದೆಲೆ ಕೇಳಿ ಬಂದವರನ್ನು ಮೊದಲ ಬಾರಿಗೆ ಬರಿಗೈಯಲ್ಲಿ ಕಳಿಸಿದೆ.

ಅವಳಿಗೆ ಫೋನು ಮಾಡಿದೆ. ಓಡಿ ಬಂದಳು. ನೋಡಿದವಳೇ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. ಬುಡದ ಮಣ್ಣು ಕೆದಕಿದಾಗ ಸಬ್ಬಕ್ಕಿಯ ಹಾಗೆ ಬೆಳ್ಳಗೆ ಏನೋ ಸಿಕ್ಕವು.

"ಅಯ್ಯೋ, ಇದೇನೇ ಇದು?" ಎಂದು ಅಂಗೈಯಲ್ಲಿಟ್ಟುಕೊಂಡು ಬೆರಗಾದಳು. "ಮೊಟ್ಟೇನಾ? ನಾನು ಜನ್ಮದಲ್ಲಿ ನೋಡಿಲ್ಲಮ್ಮ!"

ಆಮೇಲೆ ಗೋಡೆಯಾಚೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಪಕ್ಕದ ಮನೆಗೆ ಟ್ರ್ಯಾಕ್ಟರಲ್ಲಿ ಮಣ್ಣು ಬಂತಲ್ಲ, ಅದ್ರಲ್ಲೇ ಬಂದಿರೋದು. ನೀನೇ ಯೋಚ್ನೆ ಮಾಡು" ಎಂದಳು.

ಪಕ್ಕದ ಮನೆಯ ಶಿವಮ್ಮ ಕೊಟ್ಟಿಗೆಯ ತಗ್ಗು ಮುಚ್ಚಲು ಮಣ್ಣು ಹೊಡೆಸಿದ್ದು ನಿಜ. ನಾನು ಯೋಚನೆ ಮಾಡಲಿಲ್ಲ, ಗೋಡೆಯ ಮೇಲಿಂದ ಕೂಗಿದೆ. ಶಿವಮ್ಮ ಸೆಗಣಿ ಕೈಯಲ್ಲೇ ಬಂದು ನಿಂತಳು.

"ನನ್ ಮಣ್ಣು ಬಂದು ವರ್ಸ ಆಯ್ತು ಕಣಮ್ಮ. ಈಗ ಅದ್ಕೆ ಕಾಲ್ ಬಂದು ನಿಮ್ ಗ್ವಾಡೆ ಅತ್ತಿತಾ? ನಮ್ ಕಡೀಕೂ ಬಂದವೆ ಉಳ. ನಾನ್ ಯಾರ್ ಮ್ಯಾಲೆ ಯೋಳ್ಲಿ?"

"ಮತ್ತೆ ಎಲ್ಲಿಂದ ಬಂದ್ವು, ಆಕಾಶದಿಂದಲಾ?"

"ನಂಗೇನ್ ಗೊತ್ತು. ಕೊಂಬೈತೆ, ಬಸವಣ್ಣನ ಎಸ್ರೈತೆ, ಉಪ್ಪಾಕಿ ಸಾಯ್ಸಕ್ಕೆ ನಂಗ್ ಕೈ ಬರಾಕಿಲ್ಲ. ನೀವ್ ಬೇಕಾರೆ ಎಲ್ಲಾನೂವೆ ಎತ್ಕಂಡೋಗಿ ಸಾಯ್ಸ್ಕಳಿ."

ಆ ಕೊನೆಯ ಮಾತು ನನಗೆ ಚುಚ್ಚಿತು. ಬಾಯಿಗೆ ಬಂದದ್ದು ನಾನೂ ಅಂದೆ. ಮುಂದಿನ ಸಂಕ್ರಾಂತಿಗೆ ಅವಳ ಮನೆಯ ಎಳ್ಳು ನಮ್ಮ ಮನೆಗೆ ಬರಲಿಲ್ಲ, ನಮ್ಮದು ಅಲ್ಲಿಗೆ ಹೋಗಲಿಲ್ಲ. ನನ್ನ ಬಾಣಂತನದ ದಿನಗಳಲ್ಲಿ ಆ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಹಾಲಿನ ಚೊಂಬು ಇಟ್ಟು ಹೋಗುತ್ತಿದ್ದವಳು ಶಿವಮ್ಮ. ಅದೇ ಗೋಡೆಯ ಈಚೆ ನಾನು ಸುಮ್ಮನೆ ಬಟ್ಟೆ ಒಣಗಿಸತೊಡಗಿದೆ.

ಗೆಳತಿ ಮಾತ್ರ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ತಪ್ಪದೆ ಬರುತ್ತಿದ್ದಳು. ಅವಳ ಮನೆಯಿಂದಲೇ ಒಂದು ಉದ್ದನೆಯ ಇಕ್ಕಳ ತರುತ್ತಿದ್ದಳು. ನಾನು ಬಕೆಟ್ಟಿನಲ್ಲಿ ಉಪ್ಪುನೀರು ಕಲಸುತ್ತಿದ್ದೆ. ಇಬ್ಬರೂ ಹುಳು ಆರಿಸುತ್ತ ಊರಿನವರ ಸುದ್ದಿಯನ್ನೆಲ್ಲ ಆರಿಸಿ ಮುಗಿಸುತ್ತಿದ್ದೆವು. ಒಂದು ದಪ್ಪ ಹುಳುವನ್ನು ಎತ್ತಿ, "ಇದು ನಮ್ಮ ಭಜನೆ ಮಂಡಳಿ ಅಧ್ಯಕ್ಷಿಣಿ, ನಡಿಗೆ ನೋಡು" ಎಂದಳು ಒಮ್ಮೆ. ನಗು ತಡೆಯದೆ ನಾನು ಬಕೆಟ್ಟೇ ಬೀಳಿಸಿದೆ. ಬಳ್ಳಿ ಹೋದ ದುಃಖದಲ್ಲೂ ಆ ಬೆಳಗುಗಳು ಸುಖವಾಗಿದ್ದವು. ಈಗ ಅದನ್ನು ನೆನೆದರೇ ಹೆಚ್ಚು ಉರಿಯುತ್ತದೆ.

ಮುಂದಿನ ವರ್ಷದ ಆಷಾಢ. ಒಂದು ಬೆಳಿಗ್ಗೆ ಮಳೆ ನಿಂತಾಗ ಹಲಸಿನ ತೊಳೆ ಬಿಡಿಸಿ, ಒಂದು ಡಬ್ಬಿಗೆ ತುಂಬಿಕೊಂಡು, ಹೇಳದೆ ಕೇಳದೆ ಅವಳ ಮನೆಗೆ ಹೋದೆ. ಪಕ್ಕದ ಗೇಟಿನಿಂದ ಒಳಗೆ ಕಾಲಿಟ್ಟರೆ ಹಸಿರು ಬಲೆಯ ಕೆಳಗೆ ಅವಳು ಮಣೆಯ ಮೇಲೆ ಕೂತಿದ್ದಳು, ನನಗೆ ಬೆನ್ನು ಮಾಡಿ. ಆ ಬೆನ್ನು ನನಗೆಷ್ಟು ಪರಿಚಯ! ಆದರೆ ಈ ಸಲ ಅವಳಿಗೆ ನಿಜವಾಗಿಯೂ ನಾನು ಕಾಣಿಸುತ್ತಿರಲಿಲ್ಲ.

ಮುಂದೆ ಹಿಂದಿನ ದಿನವಷ್ಟೇ ಹಾಸನದಿಂದ ಬಂದ ಗಿಡಗಳು, ಪಕ್ಕದಲ್ಲಿ ಬಕೆಟ್ಟು, ಬಲಗೈಯಲ್ಲಿ ಅದೇ ಇಕ್ಕಳ. ಕುಂಡದ ಅಂಚು, ತಳ, ಎಲೆಯ ಕೆಳಗೆ ಸರಸರನೆ ನೋಡಿ ಹುಳು ಎತ್ತಿ ನೀರಿಗೆ ಹಾಕುತ್ತಿದ್ದಳು. ಎಡಗೈಯ ಬೆರಳು ಮಣ್ಣಿಗಿಳಿದು ಸಬ್ಬಕ್ಕಿಯಂಥ ಮೊಟ್ಟೆ ಕೆದಕಿ ತೆಗೆಯುತ್ತಿತ್ತು. ಆಮೇಲೆ ಒದ್ದೆ ಬಟ್ಟೆಯಲ್ಲಿ ಬೆಳ್ಳಿ ಗೆರೆ ಒರೆಸಿ ಕುಂಡವನ್ನು ಸಾಲಿಗೆ ಸೇರಿಸುವುದು. ಬಾಯಲ್ಲಿ ಯಾವುದೋ ದೇವರನಾಮ. ನನ್ನ ಹಿತ್ತಲಿನಲ್ಲಿ ಇಕ್ಕಳ ಹಿಡಿಯಲು ಬಾರದವಳ ಹಾಗೆ ತಡವರಿಸುತ್ತಿದ್ದ ಕೈ ಅದು. ಇಲ್ಲಿ ಅವರೆಕಾಯಿ ಸುಲಿಯುವಷ್ಟು ಸಲೀಸಾಗಿ ಓಡುತ್ತಿತ್ತು.

"ಯಾವಾಗಿಂದ ಇವೆ?" ಎಂದೆ.

ಬೆಚ್ಚಿ ತಿರುಗಿದಳು. "ನೀನಾ! ಹೆದರಿಸಿಬಿಟ್ಯಲ್ಲೇ."

"ಯಾವಾಗಿಂದ?"

ಇಕ್ಕಳವನ್ನು ಕೆಳಗಿಟ್ಟಳು. "ಲಾರಿ ಗಿಡದಲ್ಲಿ ಒಂದೆರಡು ಬಂದೇ ಬರ್ತಾವೆ. ನಾನು ತೆಗೆದೇ ಇಡೋದು. ನೀನು ತಗೊಂಡಿದ್ರಲ್ಲೂ ತೆಗೆದಿದ್ದೆ ಕಣೆ, ದೇವರಾಣೆ. ಮೊಟ್ಟೆ ತಪ್ಪಿರ್ಬೇಕು."

"ಜನ್ಮದಲ್ಲಿ ನೋಡಿಲ್ಲ ಅಂದ್ಯಲ್ಲ."

ಅವಳು ಒದ್ದೆ ಬಟ್ಟೆ ಎತ್ತಿಕೊಂಡು, ಒರೆಸಿದ್ದ ಕುಂಡವನ್ನೇ ಮತ್ತೆ ಒರೆಸಿದಳು.

"ಶಿವಮ್ಮನ ಮಣ್ಣು ಅಂದ್ಯಲ್ಲ. ಅವಳ ಜೊತೆ ಮಾತು ಬಿಟ್ಟು ವರ್ಷ ಆಯ್ತು ನಾನು."

"ಏನೋ ಒಂದು ಹೇಳ್ಬೇಕಿತ್ತು, ಹೇಳ್ದೆ. ಹುಳ ಇದೆ ಅಂತ ಒಂದೇ ಒಂದು ಮಾತು ಹೊರಗೆ ಬಿದ್ರೆ ನನ್ನ ಗಿಡ ಯಾರು ಮುಟ್ತಾರೆ? ಇದು ಬಿಟ್ರೆ ನಂಗೆ ಏನಿದೆ ಹೇಳು. ದಿನವಿಡೀ ಸೊಸೆ ಮುಖ ನಾನು, ನನ್ನ ಮುಖ ಸೊಸೆ ನೋಡ್ಕೊಂಡು ಕೂತಿರೋಣ್ವಾ?"

"ನೀನು ಕೊಟ್ಟ ಗಿಡ ನಮ್ಮಮ್ಮನ ಬಳ್ಳಿ ತಿಂದುಹಾಕ್ತು."

ಅವಳು ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಹೋಯಿತು.

"ನಾನೆಲ್ಲಿ ಕೊಟ್ಟೆ? ನೀನೇ ತಾನೇ ಕದ್ಕೊಂಡು ಹೋಗಿದ್ದು?"

ಭುಜ ಕುಣಿಯಿತು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕುಬಿಟ್ಟೆ. ಇಷ್ಟು ವರ್ಷ ಅವಳ ಭುಜ ಕುಣಿದಾಗಲೆಲ್ಲ ನಕ್ಕ ಅಭ್ಯಾಸ. ನಗುತ್ತಲೇ ಗೇಟು ದಾಟಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಬರುವಾಗ ನಗು ನಿಂತಿತು. ಹಲಸಿನ ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

ಮನೆಗೆ ಬಂದು ಆ ಡಬ್ಬಿಯನ್ನು ಗೋಡೆಯ ಮೇಲಿಟ್ಟು ಶಿವಮ್ಮನನ್ನು ಕರೆದೆ. ಬರಲು ಸಾಕಷ್ಟು ಹೊತ್ತು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದೆ.

"ಅಂಗಾರೆ ನನ್ ಮಣ್ಣಿಗೆ ಕಾಲ್ ಬಂದಿರ್ಲಿಲ್ಲ" ಎಂದಳು.

"ಇಲ್ಲ ಕಣೇ ಶಿವಮ್ಮ."

"ಒಂದ್ ವರ್ಸ ನೀವು ನನ್ ಕಡೀಕೆ ತಿರುಗಿ ನೋಡ್ನಿಲ್ಲ. ನಿಮ್ ಬಳ್ಳಿ ತಿಂದಿದ್ದು ಉಳ. ನಾನೇನ್ ತಿಂದಿದ್ದೆ?" ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. "ಅಣ್ಣು ಚೆಂದಾಗದೆ" ಎಂದು ಒಳಗೆ ಒಯ್ದಳು. ಡಬ್ಬಿ ಬಹಳ ದಿನ ವಾಪಸು ಬರಲಿಲ್ಲ. ಬಂದಾಗ ಒಳಗೆ ಕಡಲೆಕಾಯಿ ಇತ್ತು.

ಆ ಗೌರಿ ಹಬ್ಬಕ್ಕೆ ನಾನು ಗೆಳತಿಯ ಮನೆಗೆ ಹೋಗಲಿಲ್ಲ. ಅವಳೇ ಬಂದಳು. ಮೊದಲ ಸಲ ಓಣಿ ಬಿಟ್ಟು ಮುಂಬಾಗಿಲಿನಿಂದ ಬಂದು, ಹಿತ್ತಲ ಕಡೆ ನೋಡದೆ, ಕುಂಕುಮ ಇಟ್ಟು ತಾಂಬೂಲ ಕೊಟ್ಟಳು. ತಾಂಬೂಲದ ಮೇಲೆ ಒಂದು ರವಿಕೆ ಕಣ ಇತ್ತು. ಯಾರೂ ಹೊಲಿಸುವುದಿಲ್ಲವಲ್ಲ, ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದಲ್ಲ, ಅಂಥದು. ಗಿಡವಿಲ್ಲ. ಇದೇ ಅವಳು ತಪ್ಪು ಒಪ್ಪಿಕೊಳ್ಳುವ ರೀತಿ ಎಂದುಕೊಂಡೆ. ಇನ್ನು ಯಾರಿಗೂ ಗಿಡ ಕೊಡುವುದಿಲ್ಲ, ಅದನ್ನು ಬಾಯಲ್ಲಿ ಹೇಳಲಾರಳು ಎಂದುಕೊಂಡೆ. ಮನಸ್ಸು ಸ್ವಲ್ಪ ಇಳಿಯಿತು. ಕಾಫಿ ಕೊಟ್ಟೆ.

ಸಂಜೆ ಚನ್ನರಾಯಪಟ್ಟಣದಿಂದ ನಮ್ಮ ಓರಗಿತ್ತಿಯ ಫೋನು. "ನಿಮ್ಮ ಗೆಳತಿ ಮನೇಲಿ ಎಷ್ಟು ಚೆಂದದ ಗಿಡ ಕದ್ವಿ ಗೊತ್ತಾ ಅಕ್ಕಾ! ನೀವ್ಯಾಕೆ ಬಂದಿರ್ಲಿಲ್ಲ?"

ರವಿಕೆ ಕಣ ನನಗೊಬ್ಬಳಿಗೇ. ನನಗೆ ಗೊತ್ತಿತ್ತು, ಅದಕ್ಕೆ. ಮಿಕ್ಕವರಿಗೆಲ್ಲ ಅವಳು ಎಂದಿನ ಹಾಗೆ ಬೆನ್ನು ತಿರುಗಿಸಿದ್ದಳು.

ಓರಗಿತ್ತಿಗೆ, "ಮೊದಲು ಕುಂಡದ ಮಣ್ಣು ಕೊಡವಿ ಬಿಸಿಲಿಗೆ ಹಾಕು" ಎಂದೆ. ಯಾಕೆಂದು ಕೇಳಿದಳು. ಹೇಳಿದೆ. "ಅಯ್ಯೋ ಬಿಡಿ ಅಕ್ಕಾ, ನಿಮ್ಮಿಬ್ಬರ ಜಗಳಕ್ಕೆ ಪಾಪ ಗಿಡಕ್ಕ್ಯಾಕೆ ಬೈತೀರಿ" ಎಂದು ನಕ್ಕು ಫೋನಿಟ್ಟಳು. ಅದೇ ವಾರ ಮಲ್ಲಿಪಟ್ಟಣದಿಂದ ತಂಗಿಯ ಫೋನು: "ಅಕ್ಕಾ, ಕೋಸಿನ ಸಸಿ ಒಂದೂ ಉಳಿದಿಲ್ಲ. ಚಿಪ್ಪಿನ ಹುಳ. ಎಲ್ಲಿಂದ ಬಂದ್ವೋ." ನಾನು ಕಳಿಸಿದ ಕುಂಡದಿಂದಲೇ ಎಂದು ಹೇಳಿದೆ. ಅವಳ ಬೇಲಿಯ ಆಚೆ ಬೇರೆಯವರ ಹೊಲ. ಹುಳುವಿಗೆ ಬೇಲಿ ಯಾವ ಲೆಕ್ಕ.

ಆಮೇಲೆ ನಾನು ಗೆಳತಿಯೊಡನೆ ಮಾತಾಡಲಿಲ್ಲ. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತಿದ್ದವಳು ಹಾಗೆಯೇ ಕುಸಿದಳಂತೆ. ಆಸ್ಪತ್ರೆಗೂ ಕಾಯಲಿಲ್ಲ. ಬೈಯಲು ಇಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಳಿಯೇ ಉಳಿದವು.

ವೈಕುಂಠ ಸಮಾರಾಧನೆಯ ದಿನ ಹೋದೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆಯವರೂ ಬಂದಿದ್ದರು. ಊಟವಾದ ಮೇಲೆ ಸೊಸೆ ಜಗಲಿಗೆ ಬಂದಳು. ನರ್ಸರಿಯಲ್ಲಿದ್ದ ಗಿಡಗಳನ್ನೆಲ್ಲ ಅಲ್ಲಿ ತಂದು ಸಾಲಾಗಿ ಇಡಿಸಿದ್ದಳು.

"ಅತ್ತೆ ನೆನಪಿಗೆ ಎಲ್ರೂ ಒಂದೊಂದು ತಗೊಂಡು ಹೋಗಿ" ಎಂದಳು. ದನಿ ಒಡೆಯಿತು. "ನಾನು ಆ ಕಡೆ ತಿರುಗಿರ್ತೀನಿ."

ತಿರುಗಿ ನಿಂತಳು. ಹೆಂಗಸರು ಅಳುತ್ತ ಕುಂಡಗಳಿಗೆ ಕೈ ಹಾಕಿದರು. ಮುಂದಿದ್ದ ಕುಂಡದ ಅಂಚಿನಲ್ಲಿ ಒಣಗಿದ ಬೆಳ್ಳಿ ಗೆರೆಯೊಂದು ಬಿಸಿಲಿಗೆ ಮಿಂಚಿತು. ಒರೆಸುವ ಕೈ ಇರಲಿಲ್ಲವಲ್ಲ.

"ನಿಲ್ಲಿ! ಯಾರೂ ಮುಟ್ಬೇಡಿ!" ಎಂದು ಕೂಗಿದೆ.

ಗೆಳತಿಯ ಮಣೆ ತಂದು ಜಗಲಿಯ ಬುಡದಲ್ಲಿ ಕೂತೆ. ಎರಡು ಬಕೆಟ್ಟು ನೀರು ತರಿಸಿದೆ. ಅಡಿಗೆಯವರ ಹತ್ತಿರ ಉಪ್ಪು ಕೇಳಿದರೆ, "ಸಾರಿಗೆ ಸಾಲ್ದಾಗಿತ್ತಾ ಅಜ್ಜಿ?" ಎಂದರು. ಒಂದೊಂದೇ ಗಿಡವನ್ನು ಕುಂಡದಿಂದ ಬಿಡಿಸಿ, ಮಣ್ಣನ್ನೆಲ್ಲ ಉಪ್ಪುನೀರಿನ ಬಕೆಟ್ಟಿಗೆ ಕೊಡವಿ, ಬೇರನ್ನು ಸಿಹಿನೀರಿನಲ್ಲಿ ತೊಳೆದು, ಉಳಿದಿದ್ದ ಬಾಳೆಲೆಯಲ್ಲಿ ಸುತ್ತಿ ಕೊಡತೊಡಗಿದೆ. ಸೊಸೆ ತಿರುಗಿ ನೋಡಿದಳು.

"ಯಾಕಾಂಟಿ ಹೀಗೆ? ಅತ್ತೆ ಯಾವತ್ತೂ ಹೀಗೆ ಮಾಡ್ತಿರ್ಲಿಲ್ವಲ್ಲ."

ಎಲ್ಲರ ಕಣ್ಣೂ ನನ್ನ ಮೇಲೆ. ಗೆಳತಿ ಅಷ್ಟು ದಿನ ಹೆದರಿದ್ದ ಆ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಡುಮನೆಯಲ್ಲಿ ಹಾರ ಹಾಕಿದ ಅವಳ ಫೋಟೋ ಕಾಣುತ್ತಿತ್ತು; ಈಗಲೋ ಆಗಲೋ ಸೆರಗು ಬಾಯಿಗೆ ಹೋಗುತ್ತದೆ ಎನ್ನುವ ಮುಖ. ಅದರೆದುರು ಅಳುತ್ತ ನಿಂತ ಸೊಸೆ.

"ಅವಳೇ ಹೇಳಿದ್ದಮ್ಮ" ಎಂದೆ. "ಲಾರಿ ಗಿಡದಲ್ಲಿ ಬಸವನ ಹುಳು ಬರುತ್ತೆ, ನಾನಿಲ್ಲದ ದಿನ ಬೇರು ತೊಳೀದೆ ಒಂದು ಗಿಡಾನೂ ಹೊರಗೆ ಬಿಡ್ಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ಲು."

"ಎಂಥಾ ಮನಸ್ಸು ನೋಡಿ!" ಎಂದರು ಯಾರೋ. ಓರಗಿತ್ತಿ ಕಣ್ಣೊರೆಸಿಕೊಂಡು, "ನೋಡಿದ್ರಾ ಅಕ್ಕಾ, ಸುಮ್ಸುಮ್ನೆ ಅವರ ಮೇಲೆ ಕೋಪ ಮಾಡ್ಕೊಂಡಿದ್ರಿ" ಎಂದಳು. ಅವತ್ತು ನಕ್ಕು ಫೋನಿಟ್ಟವಳು ಇವತ್ತು ಮನೆಯಲ್ಲಿರುವ ಗಿಡದ ಮಣ್ಣನ್ನೂ ತೊಳೆಯುತ್ತೇನೆ ಎಂದಳು. ಗೆಳತಿ ಹೇಳಿದ್ದಳಲ್ಲ, ಅದಕ್ಕೆ. ಅವಳು ಬದುಕಿದ್ದಾಗ ಆಡಬೇಕಿದ್ದ ಮಾತನ್ನು ಸತ್ತ ಮೇಲೆ ನನ್ನ ಬಾಯಿಂದ ಆಡಿಸಿ, ಹೆಸರು ಮಾತ್ರ ತಾನಿಟ್ಟುಕೊಂಡಳು. ಫೋಟೋ ನೋಡಿದೆ. 'ನಾನೆಲ್ಲಿ ಹೇಳಿದ್ದೆ? ನೀನೇ ತಾನೇ' ಎನ್ನುವ ಹಾಗೇ ಇತ್ತು.

ನಾನು ಗಿಡ ತರಲಿಲ್ಲ. ಹಸಿರು ಬಲೆಯ ಕಂಬಕ್ಕೆ ನೇತುಹಾಕಿದ್ದ ಇಕ್ಕಳ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸೊಸೆ ನೋಡುತ್ತಿದ್ದಳು. ಆ ಕಡೆ ತಿರುಗು ಎಂದು ನಾನು ಹೇಳಲಿಲ್ಲ.

ಮೊನ್ನೆ ಈ ವರ್ಷದ ಮೊದಲ ಮಳೆ ಬಿತ್ತು. ಬೆಳಿಗ್ಗೆ ಬಕೆಟ್ಟು ಹಿಡಿದು ಹಿತ್ತಲಿಗೆ ಹೋದೆ. ಬಳ್ಳಿಯ ಕಡ್ಡಿಯಲ್ಲಿ ಒಂದು ಕುಡಿ ಒಡೆದಿತ್ತು; ಅದರ ಮೇಲಾಗಲೇ ಒಂದು ಹುಳು ಕೂತಿತ್ತು. ಅವಳಿದ್ದಿದ್ದರೆ ಇದಕ್ಕೂ ಯಾರದಾದರೂ ಹೆಸರಿಡುತ್ತಿದ್ದಳು. ಬಾಯಿಗೆ ಬಂದ ಹಾಗೆ ಅವಳನ್ನು ಬೈಯುತ್ತ ಇಕ್ಕಳದಲ್ಲಿ ಎತ್ತಿದೆ. ಗೋಡೆಯಾಚೆ ಶಿವಮ್ಮ ದನಕ್ಕೆ ಹುಲ್ಲು ಹಾಕುತ್ತಿದ್ದಳು.

"ಓದೋರನ್ನ ಯಾಕವ್ವ ಬೈತೀರಿ? ಬುಟ್ಬುಡಿ ಅತ್ಲಾಗೆ."

"ಹೋಗಿರೋದು ಅವಳು ಮಾತ್ರ ಕಣೇ" ಎಂದೆ. "ಅವಳು ತಂದದ್ದು ಇಲ್ಲೇ ಇದೆಯಲ್ಲ."